ಉಪ್ಪಿಲ್ಲದ ಮಜ್ಜಿಗೆ

ಮೊನ್ನೆ ಶನಿವಾರ ಬೀಸುವ ಕಲ್ಲಿನ ಧೂಳು ಒರೆಸೋಣ ಎಂದು ಮೇಲ್ಗಲ್ಲನ್ನು ಸರಿಸಿದರೆ ಅದರ ಕೆಳಗೆ ಮಡಿಸಿದ ನ್ಯೂಸ್ ಪೇಪರ್ ಇತ್ತು. ಬಿಚ್ಚಿದೆ. ಒಳಗೆ ಬೇರು ಸಮೇತ ಕಿತ್ತ ಒಂದು ಪುಟ್ಟ ಗಿಡ ಅರ್ಧ ಒಣಗಿ ಚಪ್ಪಟೆಯಾಗಿತ್ತು. ಹುಣಿಸೆ ಎಲೆಯಂಥ ಸಣ್ಣ ಎಲೆ, ಎಲೆಯ ಅಡಿಯಲ್ಲಿ ಸಾಸಿವೆಗಿಂತ ಸ್ವಲ್ಪ ದಪ್ಪದ ಕಾಯಿಗಳ ಸಾಲು. ಹಸಿಯೂ ಅಲ್ಲದ ಒಣಗಿಯೂ ಇಲ್ಲದ ಆ ಸೊಪ್ಪಿನ ಕಹಿ ವಾಸನೆ ಮೂಗಿಗೆ ಬಂತು. ನಾನು ಅಲ್ಲೇ ಕೂತುಬಿಟ್ಟೆ.

ನಿಮ್ಮಿಬ್ಬರಲ್ಲಿ ದೊಡ್ಡವಳನ್ನು ಕೂಗಿ, "ಇದನ್ನ ಎಲ್ಲಿ ಕಿತ್ತೆ?" ಎಂದೆ. ನನ್ನ ದನಿ ನನಗೇ ಒರಟಾಗಿ ಕೇಳಿಸಿತು.

"ಕೊಟ್ಟಿಗೆ ಹಿಂದೆ ಅಜ್ಜಿ. ಕಾಲೇಜಲ್ಲಿ ಗಿಡ ಒಣಗ್ಸಿ ಹಾಳೆಗೆ ಅಂಟ್ಸ್ಕೊಂಡು ಬನ್ನಿ ಅಂದವ್ರೆ. ಯಾಕೆ, ಕಲ್ಲು ಮುಟ್ಬಾರ್ದಿತ್ತಾ?"

"ದಿಬ್ಬದ ಹತ್ರ ಅಲ್ವಲ್ಲ?"

"ಅಲ್ಲ ಅಂದ್ನಲ್ಲ. ಏನಾಯ್ತು ನಿಂಗೆ?"

ಏನೂ ಇಲ್ಲ ಎಂದು ಪೇಪರನ್ನು ಇದ್ದ ಹಾಗೆ ಮಡಿಸಿಟ್ಟೆ. ಅಜ್ಜಿಗೆ ಗಿಡ ಕಂಡರೂ ಭಯ ಎಂದು ಚಿಕ್ಕವನು ನಕ್ಕ. ಭಯವಲ್ಲ ಕಂದ, ನಾಚಿಕೆ. ಎದುರು ಕೂತು ಹೇಳುವಷ್ಟು ಬಾಯಿ ನನಗೆ ಯಾವತ್ತೂ ಇರಲಿಲ್ಲ. ಊರ ಶಾಲೆಯಲ್ಲಿ ಕಲಿತ ನಾಲ್ಕಕ್ಷರ ಇದೆ. ಅದರಲ್ಲೇ ಬರೆಯುತ್ತೇನೆ. ದೊಡ್ಡವಳು ಈಗ ಔಷಧಿ ಮಾಡುವ ಓದಿಗೇ ಸೇರಿದ್ದಾಳೆ, ಅವಳಂತೂ ಇದನ್ನು ಓದಲೇಬೇಕು.

ನಮ್ಮ ಮನೆಯನ್ನು ಸುತ್ತಿನ ಊರುಗಳಲ್ಲಿ ಕಾಮಾಲೆ ಮನೆ ಅಂತಲೇ ಗುರುತಿಸುತ್ತಿದ್ದರು. ಕಾಮಾಲೆ ಅಂದರೆ ಜಾಂಡೀಸು. ನನ್ನ ಅತ್ತೆ, ನಿಮ್ಮ ತಾತನ ತಾಯಿ, ಭಾನುವಾರ ಬೆಳಗ್ಗೆ ಅದಕ್ಕೆ ಸೊಪ್ಪು ಅರೆದು ಕೊಡುತ್ತಿದ್ದರು. ಕಣ್ಣು ಹಳದಿಯಾದವರು ಕ್ಯಾಸಂಬಳ್ಳಿ ಕಡೆಯಿಂದ, ಬಂಗಾರಪೇಟೆಯಿಂದ, ಆಂಧ್ರದ ಗಡಿಯಾಚೆಯಿಂದಲೂ ಬಂದು ಬಾಗಿಲಿನ ಹೊಂಗೆ ಮರದ ಕೆಳಗೆ ಕೂರುತ್ತಿದ್ದರು. ಅಂಗೈ ಚಾಚಿದರೆ ಅತ್ತೆ ಅದರಲ್ಲಿ ನೆಲ್ಲಿಕಾಯಿ ಗಾತ್ರದ ಹಸಿರು ಉಂಡೆ ಇಡುತ್ತಿದ್ದರು. ನುಂಗಿ, ಮೇಲೆ ಒಂದು ಲೋಟ ಉಪ್ಪಿಲ್ಲದ ಮಜ್ಜಿಗೆ. ಹಾಗೆ ಮೂರು ಭಾನುವಾರ. ಅಷ್ಟು ದಿನವೂ ಉಪ್ಪು, ಎಣ್ಣೆ ಎರಡೂ ಇಲ್ಲ.

ಅದಕ್ಕೆ ಕಟ್ಟುಪಾಡುಗಳಿದ್ದವು. ಕೊಟ್ಟವರು ಪ್ರತಿಯಾಗಿ ಎಲೆ ಅಡಿಕೆಯನ್ನೂ ಮುಟ್ಟಬಾರದು. ಕೇಳಿ ಬಂದವರಿಗೆ ಇಲ್ಲ ಅನ್ನಬಾರದು. ಸೊಪ್ಪಿನ ಹೆಸರು ಬಾಯಲ್ಲಿ ಬರಬಾರದು, ಬಂದರೆ ಗುಣ ಹೋಗುತ್ತದೆ. ನನಗೆ ಕಲಿಸುವಾಗಲೂ ಅತ್ತೆ ಹೆಸರು ಹೇಳಲಿಲ್ಲ. ತೋಳು ಚಿವುಟಿ ಕಣ್ಣಲ್ಲಿ ಗಿಡ ತೋರಿಸಿದರು, ಅಷ್ಟೇ. ಇನ್ನೊಂದು, ಔಷಧಿ ತಿಂದವರು ಹೋಗುವಾಗ 'ಬತ್ತೀನಿ' ಅನ್ನಬಾರದು. ಅಂದರೆ ಕಾಯಿಲೆ ತಿರುಗಿ ಬರುತ್ತದೆ. ಸುಮ್ಮನೆ ಎದ್ದು, ಹಿಂದೆ ನೋಡದೆ ಹೋಗಬೇಕು. ನಾನು ಸೊಸೆಯಾಗಿ ಬಂದ ಹೊಸದರಲ್ಲಿ, ಇಷ್ಟು ಜನ ಬಂದು ಒಂದು ಮಾತೂ ಹೇಳದೆ ಎದ್ದು ಹೋಗುತ್ತಾರಲ್ಲ ಎಂದು ಮನಸ್ಸಿಗೆ ಒಂಥರಾ ಆಗುತ್ತಿತ್ತು.

ಆ ಸೊಪ್ಪು ನಮ್ಮ ರಾಗಿ ಹೊಲದ ಬದುವಿನಲ್ಲಿ, ತಿಪ್ಪೆಯ ಪಕ್ಕದಲ್ಲಿ, ಎಲ್ಲೆಂದರಲ್ಲಿ ಇತ್ತು. ನನ್ನ ತವರಲ್ಲೂ ಇತ್ತು. ಅತ್ತೆ ಅದನ್ನು ಮುಟ್ಟುತ್ತಿರಲಿಲ್ಲ. "ಅದು ದನ ಮೇಯೋ ಸೊಪ್ಪು," ಅನ್ನುತ್ತಿದ್ದರು. ಅವರು ಭಾನುವಾರ ಬೆಳಕು ಹರಿಯುವಾಗ ಎದ್ದು ಸೈನೈಡ್ ದಿಬ್ಬದ ತಪ್ಪಲಿಗೆ ಹೋಗುತ್ತಿದ್ದರು. ಚಿನ್ನ ತೆಗೆದಾದ ಮೇಲೆ ಉಳಿದ ಬೂದು ಬಣ್ಣದ ಹುಡಿ ಮಣ್ಣಿನ ಗುಡ್ಡಗಳು, ನೀವೂ ನೋಡಿದ್ದೀರಿ. ಗಾಳಿ ಎದ್ದರೆ ಒಣಗಲು ಹಾಕಿದ ಬಟ್ಟೆಯೆಲ್ಲ ಆ ಮಣ್ಣೇ. ಅದರ ಬುಡದಲ್ಲಿ, ಮಳೆ ನೀರು ಇಳಿದು ಬರುವ ಕಡೆ ಆ ಗಿಡ ಸೊಂಪಾಗಿ ಬೆಳೆಯುತ್ತಿತ್ತು. "ಬಂಗಾರದ ಮಣ್ಣಾಗೆ ಬೆಳ್ದಿದ್ದು ಕಣಮ್ಮ. ಬಂಗಾರದ ಸತ್ವ ಬೇರಿಗೆ ಏರದೆ ಇರ್ತದಾ?" ಎಂದು ಒಮ್ಮೆ ನನಗೆ ಹೇಳಿದ್ದರು. ಬಂಗಾರದ ಭಸ್ಮ ತಿಂದು ಗಟ್ಟಿಯಾದ ರಾಜರ ಕಥೆ ಅವರಿಗೆ ಯಾರೋ ಹೇಳಿದ್ದರಂತೆ. ನನಗೂ ಅದು ಸರಿ ಅಂತಲೇ ಕಂಡಿತ್ತು. ಈ ನೆಲದಲ್ಲಿ ಹುಟ್ಟಿದವರಿಗೆ ಅದು ಸರಿ ಅಂತಲೇ ಕಾಣುತ್ತದೆ.

ಚಿನ್ನದ ಗಣಿ ಮುಚ್ಚಿ ಕೆಲವು ವರ್ಷಗಳಾದ ಮೇಲೆ ಒಬ್ಬ ಮೇಡಂ ಬಂದರು. ಊರಿನವರು ಅವರಿಗೆ ಸೊಪ್ಪಿನ ಮೇಡಂ ಎಂದು ಹೆಸರಿಟ್ಟರು, ನಾನೂ ಹಾಗೆಯೇ ಕರೆಯುತ್ತಿದ್ದೆ. ಬೆಂಗಳೂರಿನಲ್ಲಿ ಗಿಡಮೂಲಿಕೆಯಿಂದ ಔಷಧಿ ತಯಾರಿಸುವ ಸಂಶೋಧನೆ ಅವರದು. ಹುಟ್ಟಿದ್ದು ಮಾತ್ರ ಮಾರಿಕುಪ್ಪಂ ಕಡೆಯ ಗಣಿ ಕಾರ್ಮಿಕರ ಲೈನ್ ಮನೆಯಲ್ಲಿ. ಶನಿವಾರ ರೈಲಿಗೆ ತಾಯಿಯ ಮನೆಗೆ ಬಂದು ಭಾನುವಾರ ಬೆಳಗ್ಗೆ ನಮ್ಮೂರಿಗೆ ನಡೆದು ಬರುತ್ತಿದ್ದರು. ನನಗಿಂತ ಸ್ವಲ್ಪ ದೊಡ್ಡವರು. ಕಾಟನ್ ಸೀರೆ, ಅದಕ್ಕೆ ಕ್ಯಾನ್ವಾಸ್ ಶೂ, ಕೈಯಲ್ಲಿ ಗಂಡಸರ ಕೊಡೆ. ಶೂ ನೋಡಿ ನಮ್ಮ ಬೀದಿಯ ಹೆಂಗಸರು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. ಅವರೂ ನಕ್ಕರು.

ಮೊದಲ ದಿನವೇ ಅತ್ತೆ ಕೇಳಿದರು, "ಏನ್ ತಾಯಿ, ಕಣ್ಣು ಬೆಳ್ಳಗೇ ಐತಲ್ಲ. ಯಾಕ್ ಬಂದೆ?"

"ನಿಮ್ಮ ಸೊಪ್ಪು ಸ್ವಲ್ಪ ಕೊಡ್ತೀರಾ ಅಮ್ಮ? ಇಲಿಗೆ ಕೊಟ್ಟು ನೋಡ್ಬೇಕು."

ಅತ್ತೆಗೆ ನಗು ತಡೆಯಲಾಗಲಿಲ್ಲ. "ಏಮಮ್ಮಾ, ಕೇಳಿದ್ಯಾ," ಎಂದು ಪಕ್ಕದ ಮನೆಯವಳನ್ನು ಕೂಗಿದರು. "ನಾವು ಇಲಿ ಸಾಯ್ಲಿ ಅಂತ ಪಾಷಾಣ ಇಡ್ತೀವಿ. ಈವಮ್ಮ ಇಲಿಗೆ ಕಾಮಾಲೆ ಬರ್ಸಿ ವಾಸಿ ಮಾಡ್ತಾಳಂತೆ. ಇಲಿ ಕಣ್ಣು ಅರಿಶಿನ ಆಗ್ತದಾ ತಾಯಿ?"

"ನಮ್ಮ ಇಲಿ ಕಣ್ಣು ಕೆಂಪು ಅಮ್ಮ. ಅರಿಶಿನ ಆದ್ರೂ ಗೊತ್ತಾಗಲ್ಲ. ರಕ್ತ ತೆಗೆದು ನೋಡ್ಬೇಕು."

ಆ ನಗುವಿನಲ್ಲೇ ಅವರು ನಮ್ಮ ಮನೆಯವರಾದರು. ಅತ್ತೆಯ ಹಿಂದೆ ಮಾತಿಲ್ಲದೆ ದಿಬ್ಬದವರೆಗೆ ಹೋಗಿ, ಅತ್ತೆ ಕಿತ್ತ ಕಡೆಯೇ ತಾವೂ ಕಿತ್ತುಕೊಂಡರು. ಹೆಸರು ಅವರಿಗೆ ಗೊತ್ತಿತ್ತು. ಓದಿದವರು, ಗೊತ್ತಿರದೆ ಇರುತ್ತದೆಯೇ. ಆದರೆ ನಮ್ಮ ಮನೆಯಲ್ಲಿ ಒಂದು ದಿನವೂ ಆ ಹೆಸರು ಎತ್ತಲಿಲ್ಲ. 'ನಿಮ್ಮ ಸೊಪ್ಪು' ಅನ್ನುತ್ತಿದ್ದರು. ನಾನು ದನ ಬಿಡಲು ಹೋದಾಗ ನಮ್ಮ ಬದುವಿನಲ್ಲಿ ಬೆಳೆದದ್ದನ್ನೂ ಒಂದು ಹಿಡಿ ಕಿತ್ತು ಬೇರೆ ಚೀಲಕ್ಕೆ ಹಾಕಿಕೊಂಡರು. ಎರಡನ್ನೂ ನ್ಯೂಸ್ ಪೇಪರಿನಲ್ಲಿಟ್ಟು, ಮೇಲೆ ಎಲ್ಲಿ ಕಿತ್ತದ್ದು ಎಂದು ಬರೆದರು. ಎಲ್ಲ ಒಂದೇ ಗಿಡ ತಾನೇ, ಯಾಕೆ ಬರೀತೀರಿ ಎಂದು ಕೇಳಿದೆ. ನಾನಾಗಿ ಹೊರಗಿನವರನ್ನು ಪ್ರಶ್ನೆ ಕೇಳಿದ್ದು ಅದೇ ಮೊದಲಿರಬೇಕು.

"ಗಿಡ ಒಂದೇ ಮಾ, ನೆಲ ಒಂದೇ ಅಲ್ಲ," ಎಂದರು.

ಅವರ ತಂದೆ ಗಣಿಯ ಒಳಗೆ ಕೆಲಸ ಮಾಡಿದವರು, ಧೂಳು ಎದೆಗೆ ಕೂತು ಕೆಮ್ಮುತ್ತಲೇ ಹೋದರಂತೆ. "ಅಪ್ಪನ ಕೆಮ್ಮಿಗೆ ಔಷಧಿ ಕಂಡುಹಿಡಿಯೋಣ ಅಂತ ಓದೋಕೆ ಹೋದೆ. ಓದು ಮುಗಿಯೋದ್ರೊಳಗೆ ಅಪ್ಪ ಇರ್ಲಿಲ್ಲ. ಈಗ ಇಲಿ ಸಾಕ್ತಾ ಇದೀನಿ," ಎಂದು ನಗುತ್ತಾ ಹೇಳಿದ್ದರು. ಅವರ ಬೆರಳಿಗೆ ಸದಾ ಸ್ಪಿರಿಟ್ಟಿನ ವಾಸನೆ. ನಮ್ಮ ಜಗಲಿಯ ಮೇಲೆ ಕೂತು ಚಿತ್ರಾನ್ನದ ಡಬ್ಬಿ ಬಿಚ್ಚಿ ಅರ್ಧ ನನಗೆ ಕೊಡುತ್ತಿದ್ದರು. ನಾನು ಬೇಡ ಬೇಡ ಎನ್ನುತ್ತಲೇ ತಿನ್ನುತ್ತಿದ್ದೆ.

ಹೊರಡುವಾಗ ಅವರೊಬ್ಬರೇ ಗೇಟಿನ ಹತ್ತಿರ ನಿಂತು, "ಬರ್ತೀನಮ್ಮಾ..." ಎಂದು ದೊಡ್ಡದಾಗಿ ಕೂಗುತ್ತಿದ್ದರು. ಮೊದಲ ಸಲ ಅತ್ತೆ ಹೌಹಾರಿದರು. "ಔಷ್ದಿ ತಿಂದಿಲ್ಲವಲ್ಲ ಅಮ್ಮ, ಹೇಳಿದ್ರೇನು?" ಎಂದು ಅವರು ನಕ್ಕರು. ಆಮೇಲಾಮೇಲೆ ಅತ್ತೆ ಆ ಕೂಗಿಗೆ ಕಾಯುವಂತಾದರು. "ಓಗ್ಬುಟ್ಟು ಬಾ ತಾಯಿ," ಎಂದು ಒಳಗಿನಿಂದಲೇ ಕೂಗಿ ಉತ್ತರ ಕೊಡುತ್ತಿದ್ದರು. ಭಾನುವಾರದ ದಿನ ನಮ್ಮ ಗೇಟಿನಲ್ಲಿ ಆ ಮಾತು ಕೇಳಿಸಿದ್ದು ಅವರೊಬ್ಬರಿಂದಲೇ.

ಒಂದು ಮಳೆಗಾಲ ಕಳೆಯಿತು. ಒಂದು ಮಧ್ಯಾಹ್ನ, ಭಾನುವಾರವಲ್ಲದ ದಿನ, ಅವರು ಬಂದರು. ಕೊಡೆ ಮಡಿಸಿ ಮೂಲೆಗಿಟ್ಟರು. ಅತ್ತೆ ಅವರೆಕಾಯಿ ಬಿಡಿಸುತ್ತಿದ್ದರು. ಇವರೂ ಕೆಳಗೆ ಕೂತು ಒಂದಷ್ಟು ಹೊತ್ತು ಕಾಯಿ ಬಿಡಿಸಿದರು. ಆಮೇಲೆ ತಲೆ ಎತ್ತದೆ ಹೇಳಿದರು.

"ಅಮ್ಮ, ದಿಬ್ಬದ ಹತ್ರದ ಸೊಪ್ಪು ಇನ್ಮೇಲೆ ಯಾರ್ಗೂ ಕೊಡ್ಬೇಡಿ."

"ಯಾಕೆ?"

"ಆ ಮಣ್ಣಲ್ಲಿರೋ ವಿಷ ಎಲೆಗೆ ಏರಿದೆ. ಮತ್ತೆ ಮತ್ತೆ ನೋಡ್ದೆ, ಬೇರೆಯವರ ಹತ್ರನೂ ತೋರಿಸ್ದೆ. ನಿಮ್ಮ ಹೊಲದ ಸೊಪ್ಪು ತಿಂದ ಇಲಿಗಳು ಚೆನ್ನಾಗೇ ಇವೆ. ದಿಬ್ಬದ್ದು ತಿಂದವಕ್ಕೆ... ಇದ್ದ ಕಾಯಿಲೆ ಜೊತೆಗೆ ಇನ್ನೊಂದು ಸೇರ್ತು."

ಅತ್ತೆ ಕೈಯಲ್ಲಿದ್ದ ಕಾಯಿಯನ್ನು ಬಿಡಿಸಿ ಮುಗಿಸಿದರು. ಕಾಳನ್ನು ಮೊರಕ್ಕೆ ಹಾಕಿದರು. ಅವರ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ, ಕೈಯನ್ನೇ ನೋಡುತ್ತಿದ್ದೆ. ಅಷ್ಟೂ ಜನರ ಅಂಗೈಗೆ ಉಂಡೆ ಇಟ್ಟ ಕೈ.

"ಅಂಗಾದ್ರೆ ನನ್ ಕೈಯಾಗೆ ತಿಂದೋರು?" ಎಂದರು.

ಮೇಡಂ ಇನ್ನೊಂದು ಕಾಯಿ ಕೈಗೆತ್ತಿಕೊಂಡರು.

"ಏಳಮ್ಮ. ತಿಂದೋರು ಏನಾದ್ರು?"

"ಗೊತ್ತಿಲ್ಲ ಅಮ್ಮ. ತುಂಬಾ ಜನಕ್ಕೆ ಕಾಮಾಲೆ ತಾನಾಗೇ ಇಳಿಯುತ್ತೆ, ಅವರು ನಿಮ್ಮ ಸೊಪ್ಪಿಂದ ಅಂದ್ಕೊಂಡಿರ್ತಾರೆ. ನೀವು ಕೊಟ್ಟಿದ್ದೂ ಸ್ವಲ್ಪವೇ. ಯಾರಿಗಾದ್ರೂ ಕೆಟ್ಟದಾಗಿದ್ರೆ... ಅದು ಸೊಪ್ಪಿಂದಲೋ ಕಾಯಿಲೆಯಿಂದಲೋ, ಈಗ ತಿಳಿಯೋ ದಾರಿ ಇಲ್ಲ."

"ಒಲದ ಸೊಪ್ಪು ಕೊಡ್ಲಾ?"

"ಇಲಿಗೆ ಒಳ್ಳೇದು ಅಂತ ಗೊತ್ತಾಗಿದೆ ಅಷ್ಟೇ ಅಮ್ಮ. ಮನುಷ್ಯರಿಗೆ ಅಂತ ಹೇಳ್ಬೇಕಾದ್ರೆ ಇನ್ನೂ ವರ್ಷಗಟ್ಟಲೆ ನೋಡ್ಬೇಕು. ಕಾಮಾಲೆ ಅಂತ ಬರೋರಲ್ಲಿ ಒಬ್ಬರಿಗೆ ಪಿತ್ತದ ಕಲ್ಲು ಇರುತ್ತೆ, ಒಬ್ಬರಿಗೆ ಲಿವರೇ ಹೋಗಿರುತ್ತೆ. ಸೊಪ್ಪು ತಿಂತಾ ಮೂರು ವಾರ ಕೂತ್ರೆ..."

ಅತ್ತೆಗೂ ನನಗೂ ಒಂದೇ ಮುಖ ನೆನಪಾಗಿತ್ತು. ಹಿಂದಿನ ವರ್ಷ ಎರಡು ಭಾನುವಾರ ಬಂದು ಮೂರನೆಯದಕ್ಕೆ ಬಾರದೆ ಹೋದ ಒಬ್ಬ ಹುಡುಗಿ. ಹೊಸದಾಗಿ ಮದುವೆಯಾದವಳು, ಬಳೆಯ ಹಸಿರು ಇನ್ನೂ ಮಾಸಿರಲಿಲ್ಲ. ಕೋಲಾರದ ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ತಡವಾಗಿತ್ತಂತೆ. ಅವಳ ತಾಯಿ ಆಮೇಲೂ ಒಮ್ಮೆ ಬಂದಿದ್ದಳು. "ನಿಮ್ಮ ಔಷ್ದಿ ನಡೆದಿದ್ರೆ ಬದುಕೋಳು, ನಾವೇ ಪಥ್ಯ ಕೆಡಿಸ್ದೊ," ಎಂದು ಅತ್ತೆಯ ಕಾಲ ಬಳಿ ಅತ್ತಿದ್ದಳು. ಅತ್ತೆ ಸಮಾಧಾನ ಹೇಳಿ, ಮಜ್ಜಿಗೆ ಕುಡಿಸಿ ಕಳುಹಿಸಿದ್ದರು.

ಮೇಡಂ ಹೇಳಿ ಹೋದ ಮೇಲಿನ ಭಾನುವಾರ ಅತ್ತೆ ದಿಬ್ಬಕ್ಕೆ ಹೋಗಲಿಲ್ಲ. ಮರದ ಕೆಳಗೆ ಎಂದಿನಂತೆ ಜನ. ಅತ್ತೆ ಹೊಸಿಲಲ್ಲಿ ನಿಂತು, "ಔಷ್ದಿ ಇಲ್ಲ. ಆಸ್ಪತ್ರೆಗೆ ಓಗ್ರಪ್ಪ," ಎಂದರು. ಯಾರೂ ಏಳಲಿಲ್ಲ. ಏನು ತಪ್ಪಾಯಿತು ಎಂದು ಒಬ್ಬ ಕೇಳಿದ. ಇಲ್ಲ ಅನ್ನಬಾರದ ಮನೆ ಇದು ಎಂದು ಇನ್ನೊಬ್ಬ ಹೇಳಿದ. ಬಂಗಾರಪೇಟೆಯಿಂದ ಬಂದ ಮುದುಕಿಯೊಬ್ಬಳು, "ನಾವು ಕೂಲಿ ಜನ ಅಂತ ಕೊಡಾಕಿಲ್ವೇನವ್ವ?" ಎಂದು ಕೇಳಿದಳು. ಆ ಮಾತು ಅತ್ತೆಗೆ ತಾಗಿತು. ಅಡುಗೆಮನೆಗೆ ಬಂದು ಅರೆಯುವ ಕಲ್ಲಿಗೆ ನೀರು ಹಾಕಿ ತೊಳೆದರು. ಆಮೇಲೆ ನನ್ನ ಕಡೆ ತಿರುಗಿ, "ಕರಿಬೇವು ಕಿತ್ಕೊಂಡು ಬಾ," ಎಂದರು.

ನಾನು ತಂದೆ. ಅರೆದೆ. ಯಾಕೆ ಎಂದು ಕೇಳಲಿಲ್ಲ.

ಅತ್ತೆ ಹೊರಗೆ ಹೋಗಿ ಹೊಸ ಕಟ್ಟುಪಾಡು ಹೇಳಿದರು. ಇನ್ನು ಮೇಲೆ ರಕ್ತ ಪರೀಕ್ಷೆ ಮಾಡಿಸಿ, ಡಾಕ್ಟರು ಬರೆದ ಚೀಟಿ ತಂದವರಿಗೇ ಔಷಧಿ. ಡಾಕ್ಟರು ಕೊಟ್ಟದ್ದನ್ನು ಬಿಟ್ಟರೆ ಈ ಔಷಧಿ ಮೈಗೆ ಹತ್ತುವುದಿಲ್ಲ. "ಕನಸಿನಾಗೆ ಅಪ್ಪಣೆ ಆಯ್ತು," ಎಂದರು. ಜನ ಒಪ್ಪಿದರು. ಗೊಣಗಿಕೊಂಡೇ ಆಸ್ಪತ್ರೆಗೆ ಹೋದರು, ಚೀಟಿ ಹಿಡಿದು ಬಂದರು, ಕರಿಬೇವಿನ ಉಂಡೆ ನುಂಗಿ ಮಜ್ಜಿಗೆ ಕುಡಿದರು. ಹಿಂದೆಂದಿಗಿಂತ ಹೆಚ್ಚು ಜನ ವಾಸಿಯಾದರು, ಆಸ್ಪತ್ರೆಗೆ ಹೋದವರು ವಾಸಿಯಾಗದೆ ಇರುತ್ತಾರೆಯೇ. ನಮ್ಮ ಮನೆಯ ಹೆಸರು ಇನ್ನೂ ದೂರ ಹೋಯಿತು.

ಮಕ್ಕಳೇ, ನಾಚಿಕೆ ಎಂದೆನಲ್ಲ, ಅದು ಶುರುವಾದದ್ದು ಇಲ್ಲಿ. ಕ್ಯಾಸಂಬಳ್ಳಿ ಸಂತೆಯಲ್ಲಿ ನಾನು ತರಕಾರಿ ಆರಿಸುತ್ತಿದ್ದರೆ ಯಾರೋ ಬಂದು ಕೈ ಮುಗಿಯುವರು. ಬಸ್ಸಿನಲ್ಲಿ ಎದ್ದು ಸೀಟು ಬಿಡುವರು. "ನಿಮ್ಮ ಮನೆ ಔಷ್ದಿ ಋಣ, ನಮ್ಮ ಹುಡ್ಗ ಉಳ್ದ," ಎನ್ನುವರು. ಬೈದರೆ ತಡೆದುಕೊಳ್ಳಬಹುದು. ನಮಗೆ ಸಲ್ಲದ ಕೃತಜ್ಞತೆಯನ್ನು ಮುಖಕ್ಕೆ ಮುಖ ಕೊಟ್ಟು ಕೇಳುವುದು ಇದೆಯಲ್ಲ... ನಾನು ಸೆರಗು ಎಳೆದುಕೊಂಡು ಮುಂದಿನ ನಿಲ್ದಾಣದಲ್ಲೇ ಇಳಿದು ನಡೆದು ಬಂದದ್ದಿದೆ. ಜನ ಅದನ್ನು ಸಂಕೋಚ, ದೊಡ್ಡಗುಣ ಎಂದುಕೊಂಡರು.

ಮೇಡಂಗೆ ಇದೆಲ್ಲ ತಿಳಿಯಲು ಸ್ವಲ್ಪ ಕಾಲ ಹಿಡಿಯಿತು. ಗಣಿ ಮಣ್ಣಿನ ಹತ್ತಿರ ಬೆಳೆದ ಸೊಪ್ಪನ್ನು ಔಷಧಿಗೆ ಬಳಸಬಾರದು ಎಂದು ಅವರು ತಮ್ಮ ಸಂಶೋಧನೆಯ ಲೇಖನದಲ್ಲಿ ಬರೆದಿದ್ದರು. ಅದರಲ್ಲಿ ನಮ್ಮೂರಿನ ಹೆಸರು, ಅತ್ತೆಯ ಹೆಸರು ಹಾಕಲಿಲ್ಲ ಎಂದು ನನ್ನ ಹತ್ತಿರ ಮಾತ್ರ ಹೇಳಿದರು. ಎಲ್ಲಿ ಕಿತ್ತದ್ದು ಎಂದು ಬರೆಯದೆ ಒಂದು ಎಲೆಯನ್ನೂ ಎತ್ತಿಡದ ಅವರು, ನಮ್ಮ ಮಾನಕ್ಕಾಗಿ ಅದೊಂದನ್ನು ಬಿಟ್ಟಿದ್ದರು.

ಉಂಡೆಯ ವಿಷಯ ಅವರ ಕಿವಿಗೆ ಬಿದ್ದ ದಿನ ಸಂಜೆ ನಾನು ಹಾಲು ಕರೆಯುತ್ತಿದ್ದೆ. ಕೊಟ್ಟಿಗೆಯ ಕಂಬಕ್ಕೆ ಒರಗಿ ನಿಂತು ಅವರು ಕೇಳಿದರು. "ಏನ್ ಮಾ, ಉಂಡೆ ಇನ್ನೂ ಕೊಡ್ತಾ ಇದ್ದೀರಂತೆ?"

ನಾನು ಎಲ್ಲ ಹೇಳಿದೆ. ಕರಿಬೇವು, ಚೀಟಿ, ಕನಸು ಎಲ್ಲ. ಹೇಳಿ, ನಮ್ಮತ್ತೆ ಮಾಡಿದ್ದು ತಪ್ಪಾ ಎಂದು ಕೇಳಿದೆ.

ಅವರು ಕಂಬ ಬಿಟ್ಟು ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತರು. "ನಮ್ಮಲ್ಲೂ ಹೊಸ ಔಷಧಿ ನೋಡುವಾಗ ಕೆಲವರಿಗೆ ಖಾಲಿ ಮಾತ್ರೆ ಕೊಡ್ತಾರೆ ಮಾ. ಒಳಗೆ ಬರೀ ಹಿಟ್ಟು. ನಿಜವಾದ ಔಷಧಿ ತಿಂದೋರಿಗೂ ಹಿಟ್ಟು ತಿಂದೋರಿಗೂ ಏನು ವ್ಯತ್ಯಾಸ ಅಂತ ನೋಡೋಕೆ."

"ಅಂಗಾದ್ರೆ ನಾವು ಮಾಡಿದ್ದೂ ಅದೇ ಅಲ್ವಾ?" ನನಗೆ ಎದೆ ಹಗುರಾದಂತಾಗಿತ್ತು.

"ಅದೇ ಅಲ್ಲ. ಅವರಿಗೆ ಮೊದಲೇ ಹೇಳ್ತಾರೆ, ನಿಂಗೆ ಖಾಲಿನೂ ಸಿಕ್ಬೋದು ಅಂತ. ಒಪ್ಪಿದ್ರೆ ಮಾತ್ರ ಕೊಡೋದು. ಇಲ್ಲಿ ಯಾರ್ಗೂ ಗೊತ್ತಿಲ್ಲ." ಆಮೇಲೆ ದನಿ ತಗ್ಗಿಸಿ, "ಇವತ್ತು ಆಸ್ಪತ್ರೆಗೆ ಹೋಗ್ತಾರೆ, ಒಳ್ಳೇದೇ. ಆದ್ರೆ ಆಸ್ಪತ್ರೆಯಿಂದ ವಾಸಿ ಆಯ್ತು ಅಂತ ಯಾರೂ ನಂಬಲ್ಲ. ನಾಳೆ ಇನ್ಯಾರೋ ಚೀಟಿ ಕೇಳದೆ ದಿಬ್ಬದ ಸೊಪ್ಪೇ ಕೊಡ್ತಾರೆ, ಅದನ್ನೂ ತಿಂತಾರೆ. ಒಂದು ದಿನ ನೀನಾದ್ರೂ ಹೇಳು ಮಾ ಅವರಿಗೆ."

ಅತ್ತೆ ಹಿಂದೆ ಬಂದು ನಿಂತದ್ದು ನಮಗಿಬ್ಬರಿಗೂ ತಿಳಿಯಲಿಲ್ಲ. ಆ ದಿನಗಳಲ್ಲಿ ಅವರ ನಿದ್ದೆ ಕೆಟ್ಟಿತ್ತು, ಅನ್ನ ಸೇರುತ್ತಿರಲಿಲ್ಲ. ಕೋಪಕ್ಕೆ ಒಂದು ಕಾರಣ ಬೇಕಿತ್ತೋ ಏನೋ.

"ಏಳಿ ಒಪ್ಪಿಸ್ಕೊಂಡು ಕೊಡ್ಬೇಕಾ?" ಎಂದರು. "ನೀನು ನಿನ್ ಇಲಿಗಳ್ನ ಕೇಳಿದ್ಯಾ ತಾಯಿ? ಒಪ್ಕೊಂಡ್ವಾ ಅವು, ಕಾಮಾಲೆ ಬರ್ಸು ನಮ್ಗೆ ಅಂತ?"

ಬೇರೆ ದಿನವಾಗಿದ್ದರೆ ಮೂವರೂ ನಗುತ್ತಿದ್ದೆವು. ಮೇಡಂ ಮುಖ ಸಣ್ಣದಾಯಿತು. ಆ ಪ್ರಶ್ನೆ ಅವರೂ ತಮ್ಮನ್ನು ಕೇಳಿಕೊಂಡದ್ದೇ ಇರಬೇಕು. ಕಂಬಕ್ಕೆ ತೂಗುಹಾಕಿದ್ದ ಕೊಡೆ ತೆಗೆದುಕೊಂಡು ಅಂಗಳ ದಾಟಿದರು. ಗೇಟು ತೆಗೆದರು, ಹಾಕಿದರು. 'ಬರ್ತೀನಿ' ಅನ್ನಲಿಲ್ಲ. ಅತ್ತೆ ಅಲ್ಲೇ ನಿಂತಿದ್ದರು, ಕಿವಿ ಗೇಟಿನ ಕಡೆಗೇ ಇತ್ತು. ನಾನು ಹಾಲಿನ ಚೊಂಬು ಹಿಡಿದು ಕೂತಿದ್ದೆ. ಅವರು ಹೇಳದಿದ್ದರೂ ನಾನು 'ಓಗಿ ಬನ್ನಿ' ಅನ್ನಬಹುದಿತ್ತು... ಅತ್ತೆಯ ಮುಂದೆ ನನ್ನ ಬಾಯಿ ಏಳಲಿಲ್ಲ.

ಅವರು ಮತ್ತೆ ಬರಲಿಲ್ಲ. ಕೆಲವು ಭಾನುವಾರ ಅತ್ತೆ ಮಜ್ಜಿಗೆ ಕಡೆಯುತ್ತಾ, "ನಿನ್ನೆ ರೈಲು ತಪ್ಪೋಯ್ತೇನೋ," ಎಂದರು. ಆಮೇಲೆ ಅದನ್ನೂ ಅನ್ನಲಿಲ್ಲ.

ಅತ್ತೆ ಹೋಗುವ ಮುಂಚೆ ನನ್ನ ಬಲಗೈಯನ್ನು ತಮ್ಮ ಅಂಗೈಯಲ್ಲಿ ಇಟ್ಟುಕೊಂಡರು. ನಮ್ಮಲ್ಲಿ ಹಾಗೆಯೇ ಕೈ ಕೊಡುವುದು, ಅಂದರೆ ಔಷಧಿಯ ಹಕ್ಕು ಒಪ್ಪಿಸುವುದು. ಏನಾದರೂ ಹೇಳುತ್ತಾರೆ ಎಂದು ಕಾದೆ. "ಚೀಟಿ ಇಲ್ದೆ ಕೊಡ್ಬೇಡ," ಎಂದರು, ಅಷ್ಟೇ. ಆಮೇಲೆ ನಿಮ್ಮ ತಾತನೂ ಹೋದರು. ನಾನು ಚೀಟಿ ನೋಡಿ ಕರಿಬೇವಿನ ಉಂಡೆ ಕೊಡುತ್ತಾ ಬಂದೆ. ಹೇಳಬೇಕು ಎಂದುಕೊಂಡೇ ಕೊಟ್ಟೆ. ಅಂಗೈ ಚಾಚಿ ಕೂತವರ ಕಣ್ಣು ನೋಡಿ ಉಂಡೆ ಇಟ್ಟುಬಿಡುತ್ತಿದ್ದೆ. ಹೇಳಿದರೆ ಅತ್ತೆಯ ಹೆಸರು ಮಣ್ಣಾಗುತ್ತದೆ, ಮೂರನೇ ಭಾನುವಾರ ಬಾರದೆ ಹೋದ ಆ ಹುಡುಗಿಯ ತಾಯಿ ಎಲ್ಲಿದ್ದರೂ ಕೇಳಿಸಿಕೊಳ್ಳುತ್ತಾಳೆ ಎನಿಸುತ್ತಿತ್ತು.

ಹೋದ ವರ್ಷ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಮಾರಿಕುಪ್ಪಂ ಕಡೆಯ ಹೂವಿನವಳೊಬ್ಬಳು ಸಿಕ್ಕಳು. ಮಾತಿಗೆ ಮಾತು ಬಂದು, ಸೀರೆಗೆ ಶೂ ಹಾಕಿಕೊಳ್ಳುತ್ತಿದ್ದ ಒಬ್ಬ ಮೇಡಂ ಗೊತ್ತಾ ಎಂದು ಕೇಳಿದೆ. "ಅಯ್ಯೋ, ಆ ಅಕ್ಕಾ ಪೋಯಿಟ್ಟಾಂಗಮ್ಮ," ಎಂದಳು. ತೀರಿಕೊಂಡರಂತೆ. ಅವಳು ಹೂವು ಅಳೆದು ಕೊಡುತ್ತಲೇ ಇದ್ದಳು. ನಾನು ವಿಧವೆ, ಹೂವು ನನಗೆ ಯಾತಕ್ಕೆ. ಅಳೆಸಿಕೊಂಡು, ಅಲ್ಲೇ ಬೆಂಚಿನ ಮೇಲೆ ಇಟ್ಟು, ಅವಳಿಗೆ 'ಬತ್ತೀನಿ' ಎಂದು ಹೇಳಿದೆನೋ ಇಲ್ಲವೋ, ಬಂದುಬಿಟ್ಟೆ.

ಈಗ ಮೊನ್ನೆಯ ಭಾನುವಾರದ ಮಾತು. ದೊಡ್ಡವಳೇ, ನಿನ್ನ ಪೇಪರನ್ನು ಬಿಚ್ಚಿದ ಮರುದಿನ. ನೀವಿಬ್ಬರೂ ಇನ್ನೂ ಮಲಗಿದ್ದಿರಿ.

ಒಬ್ಬ ತಾಯಿ, ಒಬ್ಬಳು ಮಗಳು ಬಂದರು. ಮಗಳಿಗೆ ನಮ್ಮ ದೊಡ್ಡವಳ ವಯಸ್ಸು. ಕಣ್ಣು ಹಳದಿ. ಚೀಟಿ ಇತ್ತು, ಮಾತ್ರೆಯ ಕವರೂ ಇತ್ತು. ಹುಡುಗಿ ಮರಕ್ಕೆ ಒರಗಿ ಕೂತು ಅಂಗೈ ಚಾಚಿದಳು. ನಾನು ಉಂಡೆಯ ತಟ್ಟೆ ಹಿಡಿದು ನಿಂತೆ, ನನ್ನ ಸೆರಗಿಗೆ ಹಿಂದಿನ ದಿನದ ಆ ವಾಸನೆ ಇನ್ನೂ ಹತ್ತಿಕೊಂಡಿತ್ತು.

"ಇದು ಕರಿಬೇವು ಕಣಮ್ಮ," ಎಂದೆ. ದನಿ ಹೊರಗೆ ಬಂದಿತೋ ಇಲ್ಲವೋ ಎಂದು ಇನ್ನೊಮ್ಮೆ ಹೇಳಿದೆ. "ಬರೀ ಕರಿಬೇವು. ಔಷ್ದಿ ಅಲ್ಲ."

ತಾಯಿ ನಕ್ಕಳು. "ಗೊತ್ತು ಬುಡಮ್ಮ. ಎಸ್ರು ಏಳ್ಬಾರ್ದು ಅಂತ ನೀವು ಅಂಗಂತೀರ. ನಮ್ಮಜ್ಜಿನೂ ಏಳವ್ರೆ."

"ಇಲ್ಲ, ದಿಟವಾಗ್ಲೂ."

"ಆಯ್ತಮ್ಮ, ಆಯ್ತು. ನಾವು ಯಾರ್ಗೂ ಏಳಲ್ಲ. ಕೊಡಿ."

ಏನು ಮಾಡಲಿ. ಹೆಸರು ಮುಚ್ಚಿ ಮುಚ್ಚಿ ಇಟ್ಟ ಮನೆಯಲ್ಲಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದರೂ ಮುಚ್ಚಿದ ಹಾಗೆಯೇ ಕೇಳಿಸುತ್ತದೆ. ನಾನು ಒಳಗೆ ಹೋದೆ. ತಟ್ಟೆಯಲ್ಲಿದ್ದ ಉಂಡೆಗಳನ್ನು ದನದ ಕಲಗಚ್ಚಿಗೆ ಸುರಿದೆ. ದೊಡ್ಡ ಲೋಟಕ್ಕೆ ಮಜ್ಜಿಗೆ ಬಗ್ಗಿಸಿಕೊಂಡು, ಉಪ್ಪಿನ ಜಾಡಿಯನ್ನೂ ಕಂಕುಳಲ್ಲಿ ಹಿಡಿದು ಹೊರಗೆ ಬಂದೆ. ಅವರಿಬ್ಬರ ಕಣ್ಣೆದುರಿಗೇ ಉಪ್ಪು ತೆಗೆದು ಲೋಟಕ್ಕೆ ಹಾಕಿ ಬೆರಳಿನಲ್ಲಿ ಕದಡಿದೆ.

"ಅಯ್ಯೋ, ಉಪ್ಪು," ಎಂದು ತಾಯಿ ಎದ್ದು ನಿಂತಳು. ನಮ್ಮ ಮನೆಯ ಅಂಗಳಕ್ಕೆ ಭಾನುವಾರ ಉಪ್ಪು ಬಂದದ್ದು ಅವಳಿಗೆ ಶಾಪದಂತೆ ಕಂಡಿರಬೇಕು. ಲೋಟ ನೋಡಿದಳು, ನನ್ನನ್ನು ನೋಡಿದಳು. ನಗು ಹೋಗಿತ್ತು.

"ಅಂಗಾದ್ರೆ... ಔಷ್ದಿ ಇಲ್ವಾ?"

"ಡಾಕ್ಟ್ರು ಕೊಟ್ಟವ್ರಲ್ಲ, ಅದೇ ಔಷ್ದಿ. ಅದನ್ನ ತಪ್ಪಿಸ್ಬೇಡ."

"ನಮ್ಮಜ್ಜಿ ಇಲ್ಲೇ ತಿಂದು ಬದುಕಿದ್ದು."

"ನಿಮ್ಮಜ್ಜಿ ಗಟ್ಟಿಯಾಗಿದ್ರು ಕಣಮ್ಮ. ನಮ್ಮಿಂದಲ್ಲ."

ನನಗೆ ಅವಳ ಮುಖ ನೋಡಲಾಗಲಿಲ್ಲ, ಜಾಡಿಯ ಮುಚ್ಚಳ ತಿರುಗಿಸುತ್ತಾ ನಿಂತೆ. ಅಷ್ಟರಲ್ಲಿ ಹುಡುಗಿ ನನ್ನ ಕೈಯಿಂದ ಲೋಟ ತೆಗೆದುಕೊಂಡು ಒಂದೇ ಉಸಿರಿಗೆ ಕುಡಿದುಬಿಟ್ಟಳು. ಪಾಪ, ಮನೆಯಲ್ಲಿ ದಿನಗಟ್ಟಲೆ ಸಪ್ಪೆ ತಿನ್ನಿಸಿದ್ದರು. ತುಟಿ ಸವರಿಕೊಂಡು, "ಇನ್ನೊಂಚೂರು ಐತಾ?" ಎಂದಳು. ತಾಯಿ ಅವಳ ತಲೆಗೆ ಮೆಲ್ಲಗೆ ಮೊಟಕಿದಳು. ನಾನು ಇನ್ನೊಂದು ಲೋಟ ತಂದುಕೊಟ್ಟೆ.

ಅವರು ಹೊರಟರು. ತಾಯಿ ಕೋಪಗೊಂಡಿದ್ದಳೋ, ಅಜ್ಜಿಯ ನೆನಪಲ್ಲಿದ್ದಳೋ ತಿಳಿಯಲಿಲ್ಲ. ಊರಿಗೆ ಹೋಗಿ ಏನು ಹೇಳುತ್ತಾಳೋ ಅದೂ ಗೊತ್ತಿಲ್ಲ. ಮುಂದಿನ ಭಾನುವಾರ ಯಾರಾದರೂ ಬಂದರೆ ಇದನ್ನೇ ಮಾಡಬೇಕು. ಈ ನಾಚಿಕೆ ಒಂದು ಲೋಟ ಉಪ್ಪು ಮಜ್ಜಿಗೆಯಿಂದ ತೊಳೆದುಹೋಗುವಂಥದ್ದಲ್ಲ. ಮರದ ಕೆಳಗೆ ಕೂತು ಎದ್ದು ಹೋದ ಆ ಹಳೆಯ ಜನರನ್ನೆಲ್ಲ ಎಲ್ಲಿ ಹುಡುಕಿ ಹೇಳಲಿ.

ಆ ಗಿಡದ ಹೆಸರು ಕಿರುನೆಲ್ಲಿ. ದೊಡ್ಡವಳೇ, ನಿನಗೆ ಗೊತ್ತೇ ಇರುತ್ತದೆ, ಆದರೂ ನಾನು ಒಮ್ಮೆ ಬರೆಯಬೇಕಿತ್ತು. ಹಾಳೆಗೆ ಅಂಟಿಸುವಾಗ ಕೆಳಗೆ ಎಲ್ಲಿ ಕಿತ್ತದ್ದು ಎಂದು ಮರೆಯದೆ ಬರೆ.

ಒಂದು ಮಾತು ಬಿಟ್ಟೆ. ಅವತ್ತು ತಾಯಿ, ಮಗಳು ಗೇಟಿನವರೆಗೆ ಹೋದರು. ತಾಯಿ ಹಿಂದೆ ನೋಡದೆ ಆಚೆ ಕಾಲಿಟ್ಟಳು. ಹುಡುಗಿ ಮಾತ್ರ ತಿರುಗಿ ನಿಂತಳು. ಕುಡಿದದ್ದು ಔಷಧಿಯಲ್ಲವಲ್ಲ.

"ಬತ್ತೀನಮ್ಮ," ಎಂದಳು.

"ಓಗ್ಬುಟ್ಟು ಬಾ ತಾಯಿ," ಎಂದೆ. ದೊಡ್ಡದಾಗಿಯೇ ಎಂದೆ. ಅವಳು ರಸ್ತೆಯ ತಿರುವು ದಾಟಿದ ಮೇಲೂ ಗೇಟಿನ ಹತ್ತಿರ ನಿಂತೇ ಇದ್ದೆ. ಮಾರಿಕುಪ್ಪಂ ಕಡೆಯಿಂದ ಬೆಳಗಿನ ರೈಲು ಕೂಗಿತು. ಆ ಮಾತು ಕೇಳಬೇಕಾಗಿದ್ದವರು ಇನ್ನು ಯಾವ ರೈಲಿನಲ್ಲೂ ಬರುವುದಿಲ್ಲ ಎಂದು ಗೊತ್ತಿತ್ತು.